ಸಾಲುವ ಸಂಬಳ

ಗ್ಲೆನ್ ನೀಮಿಯ ಬಲಗೈಯನ್ನು ಅಂಗಿಯ ತೋಳಿನೊಳಗೆ ತೂರಿಸಲು ಟೆಸ್ಸಾ ಮೂರನೆಯ ಸಲ ಪ್ರಯತ್ನಿಸಿದಳು. ಮೊಣಕೈ ಬಗ್ಗಲಿಲ್ಲ. ಹದಿಮೂರು ವರ್ಷದ ಆಂಬುಲೆನ್ಸ್ ಕೆಲಸದಲ್ಲಿ ಅವಳು ಜನರ ಬಟ್ಟೆಗಳನ್ನು ಕತ್ತರಿಸಿದ್ದಳೇ ಹೊರತು ಯಾರಿಗೂ ತೊಡಿಸಿರಲಿಲ್ಲ.

"ಬೆನ್ನಿನ ಕಡೆ ಉದ್ದಕ್ಕೆ ಕತ್ತರಿಸಿಬಿಡಮ್ಮ," ಎಂದ ಲಂಡ್. ಊರಿನ ಶವಸಂಸ್ಕಾರವನ್ನೆಲ್ಲ ನೋಡಿಕೊಳ್ಳುವವನು ಅವನೇ. "ನಾವೆಲ್ಲ ಮಾಡೋದೇ ಹಾಗೆ. ಮುಂದಿನಿಂದ ಯಾರಿಗೂ ಗೊತ್ತಾಗಲ್ಲ."

"ಅದನ್ನ ಮೊದಲೇ ಹೇಳಬಾರದಿತ್ತಾ? ನನಗೆ ಬರೋದು ಅದೊಂದೇ," ಎಂದು ಟೆಸ್ಸಾ ಜೇಬಿನಿಂದ ಕತ್ತರಿ ತೆಗೆದಳು.

ಸಮವಸ್ತ್ರದ ಪದಕ, ಪಟ್ಟಿಗಳೆಲ್ಲ ಸರಿಯಾದ ಜಾಗದಲ್ಲಿರಬೇಕು, ಆಂಬುಲೆನ್ಸಿನಲ್ಲಿ ಅವನ ಜೊತೆಗಿದ್ದ ನಿನಗೇ ಅದು ಗೊತ್ತು ಎಂದು ಗ್ಲೆನ್‌ನ ಹೆಂಡತಿ ಡಾರ್ಲಾ ಅವಳನ್ನು ಕಳಿಸಿದ್ದಳು. ಮಂಗಳವಾರ ಬೆಳಗ್ಗೆ ಮನೆಯ ಮುಂದಿನ ಹಿಮವನ್ನು ಎತ್ತಿಹಾಕುತ್ತಿದ್ದ ಗ್ಲೆನ್ ಸಲಿಕೆ ಕೈಯಲ್ಲಿದ್ದಂತೆಯೇ ಕುಸಿದಿದ್ದ. ಐವತ್ತಾರು ವರ್ಷ. ಇವತ್ತು ಶುಕ್ರವಾರ, ಹನ್ನೊಂದಕ್ಕೆ ಚರ್ಚಿನಲ್ಲಿ ಪ್ರಾರ್ಥನೆ.

"ಇದು ಉದ್ದ ತೋಳಿಂದೇ ತಾನೆ?" ಲಂಡ್ ಕೇಳಿದ. "ಡಾರ್ಲಾ ಎರಡು ಸಲ ಫೋನ್ ಮಾಡಿದ್ದಳು. ಕೈ ಕಾಣಿಸಲೇಬಾರದಂತೆ."

ಗ್ಲೆನ್‌ನ ಮೊಣಕೈಯ ಒಳಮಡಿಕೆಯಲ್ಲಿ ಹೆಸರುಕಾಳಿನಷ್ಟು ಗಾತ್ರದ ಗುಳಿಯಿತ್ತು. ಅದರ ಸುತ್ತ ಚರ್ಮ ಬಿಳಚಿ ಗಡುಸಾಗಿತ್ತು. ಅವಳು ಅಂಗಿಯನ್ನು ಅದರ ಮೇಲೆಳೆದು ಮಣಿಕಟ್ಟಿನ ಗುಂಡಿ ಹಾಕಿದಳು.

*

ಆ ಗುಳಿಯನ್ನು ಅವಳು ಮೊದಲು ಕಂಡದ್ದು ಹೋದ ವರ್ಷದ ಮಾರ್ಚಿನಲ್ಲಿ. ಗ್ಲೆನ್ ಆಂಬುಲೆನ್ಸ್ ಠಾಣೆಯ ಸಿಂಕಿನಲ್ಲಿ ಅಂಗಿಯ ತೋಳು ಮಡಚಿ ಕೈ ತೊಳೆಯುತ್ತಿದ್ದ. ಆಗ ಅದು ಗುಳಿಯಾಗಿರಲಿಲ್ಲ. ಒಂದರ ಪಕ್ಕ ಒಂದು ಕೆಂಪು ಚುಕ್ಕೆಗಳಿದ್ದವು, ಸುತ್ತ ಹಳದಿಗೆ ತಿರುಗಿದ ಕಂದಿದ ಗುರುತಿತ್ತು. ಮಾದಕ ಔಷಧ ಚುಚ್ಚಿಕೊಂಡು ಬಿದ್ದವರ ಇಂಥ ಕೈಗಳನ್ನು ಅವಳು ಬಚ್ಚಲುಮನೆಗಳ ನೆಲದ ಮೇಲೆ, ನಿಲ್ಲಿಸಿದ ಕಾರುಗಳೊಳಗೆ ನೂರಾರು ನೋಡಿದ್ದಳು. ನೋಡಲು ಕಲಿಸಿದವನು ಗ್ಲೆನ್ನೇ. ಮುಖ ನೋಡಬೇಡ ಮರಿ, ಮೊಣಕೈ ನೋಡು, ಅನ್ನುತ್ತಿದ್ದ.

ಗಾಡಿಯಲ್ಲಿ ಅಮಲೇರಿಸುವಂಥ ನೋವಿನ ಔಷಧದ ಪೆಟ್ಟಿಗೆ ಇರುತ್ತದೆ. ಬಾಟಲಿಯಲ್ಲಿ ಅರ್ಧ ಉಳಿದರೆ ಅದನ್ನು ಇಬ್ಬರ ಎದುರು ಚೆಲ್ಲಿ ಇಬ್ಬರೂ ಸಹಿ ಹಾಕಬೇಕು. ನಿಜವಾಗಿ ಯಾರೂ ನಿಂತು ನೋಡುವುದಿಲ್ಲ. ಒಬ್ಬರು ಚೆಲ್ಲುತ್ತಾರೆ, ಇನ್ನೊಬ್ಬರು ನೆಲ ಒರೆಸುತ್ತಲೇ ಸಹಿ ಗೀಚುತ್ತಾರೆ. ಆ ತಿಂಗಳು ಟೆಸ್ಸಾ ಹಾಗೆ ಆರು ಸಲ ಗೀಚಿದ್ದಳು. ಆರು ಸಲ ಉಳಿದ ಔಷಧ ಎಲ್ಲಿ ಹೋಯಿತೆಂದು ಆಣೆ ಮಾಡಿ ಹೇಳಲು ಅವಳಿಂದ ಆಗುತ್ತಿರಲಿಲ್ಲ. ಎರಡು ದಿನ ಯೋಚಿಸಿ, ಮೂರನೆಯ ದಿನ ಠಾಣೆಯ ಮುಖ್ಯಸ್ಥ ಚೀಫ್ ವರ್ನ್‌ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಗ್ಲೆನ್‌ನನ್ನು ಹತ್ತೊಂಬತ್ತು ದಿನ ಸಂಬಳವಿಲ್ಲದೆ ಮನೆಯಲ್ಲಿ ಕೂರಿಸಿದರು. ಮೂತ್ರ, ಕೂದಲು ಎರಡೂ ಪ್ರಯೋಗಾಲಯಕ್ಕೆ ಹೋದವು. ಏನೂ ಸಿಗಲಿಲ್ಲ. ಇಪ್ಪತ್ತನೆಯ ದಿನ ಅವನು ಬಂದು ಎಂದಿನಂತೆ ಗಾಡಿಯ ಗಾಳಿ, ಎಣ್ಣೆ ನೋಡಿದ. ಯಾರು ಹೇಳಿದ್ದೆಂದು ಕೇಳಲಿಲ್ಲ. ಕೈಯಲ್ಲಿ ಏನಾಗಿತ್ತೆಂದು ಹೇಳಲೂ ಇಲ್ಲ.

*

ಪ್ರಾರ್ಥನೆ ಮುಗಿದ ಮೇಲೆ ಎಲ್ಲರೂ ಚರ್ಚಿನ ನೆಲಮಾಳಿಗೆಗೆ ಇಳಿದರು. ನೆಲ ಇನ್ನೂ ಹೆಪ್ಪುಗಟ್ಟಿದ್ದರಿಂದ ಹೂಳುವುದು ಮೇ ತಿಂಗಳಿಗೆ. ಅಲ್ಲಿಯವರೆಗೆ ಶವಪೆಟ್ಟಿಗೆ ಸ್ಮಶಾನದ ಕಲ್ಲಿನ ಕೋಣೆಯಲ್ಲಿ. ನೆಲಮಾಳಿಗೆಯಲ್ಲಿ ಹ್ಯಾಮ್ ಎಂಬ ಹಂದಿಮಾಂಸ ತುಂಬಿದ ಬನ್ನು, ಆಲೂ ಸಲಾಡು, ಒಳಗಿನ ಹಳದಿ ಭಾಗವನ್ನೇ ಅರೆದು ತುಂಬಿದ ಬೇಯಿಸಿದ ಮೊಟ್ಟೆಯ ಹೋಳುಗಳು, ಎರಡು ದೊಡ್ಡ ಪಾತ್ರೆ ಕಾಫಿ ಸಿದ್ಧವಾಗಿದ್ದವು. ಬಡಿಸುವ ಕಡೆ ಎಲ್ಸಿ ಅಜ್ಜಿಯ ದರ್ಬಾರು.

ಟೆಸ್ಸಾಳ ಮೇಜಿನಲ್ಲಿ ಪಂಚಾಯಿತಿ ಸದಸ್ಯ ಡೆನಿಸ್ ಕೂತಿದ್ದ, ಎದುರಿಗೆ ಮರ ಸಾಗಿಸುವ ಲಾರಿಯ ರಾಯ್.

"ನನ್ನ ಹೆಂಡತಿಗೆ ಪಾರ್ಶ್ವವಾಯು ಹೊಡೆದಾಗ ಹನ್ನೊಂದು ನಿಮಿಷಕ್ಕೆ ಬಂದ ಕಣಯ್ಯ ಗ್ಲೆನ್," ಎಂದ ಡೆನಿಸ್. "ಆ ಹಿಮದಲ್ಲಿ ಹನ್ನೊಂದು ನಿಮಿಷ. ಅಂಥವರಿಗೆ ಎಷ್ಟು ಕೊಟ್ಟರೂ ಕಮ್ಮಿ."

"ಎಷ್ಟು ಕೊಡ್ತಿದ್ದೀರಿ?" ಎಂದ ರಾಯ್.

"ಗಂಟೆಗೆ ಹತ್ತೊಂಬತ್ತು ಡಾಲರೋ ಏನೋ. ನಂದಲ್ಲಪ್ಪ ಅದು, ಊರಿನ ತೀರ್ಮಾನ. ಅವರ ಸಂಬಳಕ್ಕೆ ಅಂತ ತೆರಿಗೆ ಏರಿಸೋಕೆ ಓಟಿಗೆ ಹಾಕಿದ್ವಲ್ಲ, ಬಿದ್ದುಹೋಯ್ತು."

"ಹೌದು. ನೀನು ಯಾವ ಕಡೆ ಒತ್ತಿದೆ?"

ಡೆನಿಸ್ ಬನ್ನಿನೊಳಗಿನ ಹ್ಯಾಮನ್ನು ಸರಿಪಡಿಸಿದ. "ಆ ವರ್ಷ ಎಲ್ಲರಿಗೂ ಕಷ್ಟವಿತ್ತು ಮಾರಾಯ."

"ಬರ್ಗರ್ ಅಂಗಡೀಲಿ ನನ್ನ ಮಗಳಿಗೆ ಹದಿನೆಂಟು ಕೊಡ್ತಾರೆ. ಆಲೂಗಡ್ಡೆ ಕರಿಯೋಕೆ," ಎಂದ ರಾಯ್. ಆಮೇಲೆ ಟೆಸ್ಸಾಳ ಕಡೆ ತಿರುಗಿ, "ನೀನು ಬೇಜಾರು ಮಾಡ್ಕೋಬೇಡಮ್ಮ," ಎಂದ.

"ಇಲ್ಲ. ಅಲ್ಲಿ ಊಟಾನೂ ಪುಕ್ಕಟೆ ಅಂತ ಕೇಳಿದ್ದೀನಿ," ಎಂದಳು ಟೆಸ್ಸಾ.

ಡಾರ್ಲಾ ಬಂದು ಅವಳ ಭುಜ ಮುಟ್ಟಿದಳು. "ಸ್ವಲ್ಪ ಈ ಕಡೆ ಬಾ."

ಕೋಟುಗಳನ್ನು ತೂಗುಹಾಕುವ ಕೋಣೆಯಲ್ಲಿ ಒದ್ದೆ ಉಣ್ಣೆಯ ವಾಸನೆಯಿತ್ತು. ಡಾರ್ಲಾ ಬಾಗಿಲು ಮುಂದೆ ಮಾಡಿದಳು.

"ಹತ್ತು ವರ್ಷ ಅವನ ಪಕ್ಕ ಕೂತವಳು ನೀನು. ಒಂದು ಕೇಳ್ತೀನಿ, ಸಮಾಧಾನದ ಮಾತು ಬೇಡ. ಅವನು ಏನೋ ಚುಚ್ಕೊಳ್ತಿದ್ದ, ಅಲ್ವಾ?"

"ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ, ಡಾರ್ಲಾ."

"ವರ್ನ್ ಅವನ ಸ್ನೇಹಿತ, ಸಿಕ್ಕಿದ್ರೂ ಮುಚ್ಚಿಟ್ಟಿರ್ತಾನೆ. ನನ್ನ ತಮ್ಮನೂ ಹಾಗೇ ಹೇಳ್ತಿದ್ದ, ಏನೂ ಸಿಗಲಿಲ್ಲ ಅಂತ. ಅವನ ಕೈ ನೋಡಿದವಳು ನಾನು, ಅವನನ್ನ ಹೂಳಿದವಳೂ ನಾನು. ಗ್ಲೆನ್‌ನ ಕೈಯೂ ಹಾಗೇ ಇತ್ತು. ಕೇಳಿದ್ರೆ ಕೆಲಸದಲ್ಲಿ ತರಚಿತು ಅಂದ." ಅವಳ ದನಿ ಏರಲಿಲ್ಲ. "ಅಲ್ಲಿ ಎಲ್ಲರೂ ಅವನು ಎಂಥವನು ಅಂತ ನನಗೆ ಹೇಳ್ತಾ ಇದ್ದಾರೆ. ನನಗೊಬ್ಬಳಿಗೆ ಗೊತ್ತಿಲ್ಲ. ನಾನು ಯಾರಿಗಾಗಿ ಅಳ್ತಿದ್ದೀನಿ ಅಂತ ನನಗೆ ಗೊತ್ತಾಗಬೇಕು."

*

ಹೋದ ಅಕ್ಟೋಬರಿನಲ್ಲಿ ಬಾಡಿಗೆ ಏರಿದಾಗ ಟೆಸ್ಸಾ ಎರಡು ಗಂಟೆ ಕಾರು ಓಡಿಸಿಕೊಂಡು ನಗರದ ಪ್ಲಾಸ್ಮಾ ಕೇಂದ್ರಕ್ಕೆ ಹೋದಳು. ರಕ್ತವನ್ನು ಹೊರಗೆಳೆದು, ಅದರ ಹಳದಿ ದ್ರವವನ್ನು ಬೇರ್ಪಡಿಸಿ ಇಟ್ಟುಕೊಂಡು, ಕೆಂಪು ಕಣಗಳನ್ನು ವಾಪಸ್ಸು ಮೈಗೆ ಹರಿಸುತ್ತಾರೆ. ವಾರಕ್ಕೆ ಎರಡು ಸಲ ಕೊಡಬಹುದು. ಎರಡೂ ಸೇರಿ ನೂರು ಡಾಲರಿನ ಆಸುಪಾಸು ಸಿಗುತ್ತದೆ. ಸೂಜಿ ದಪ್ಪ. ಪ್ರತಿ ಸಲವೂ ಅದೇ ರಕ್ತನಾಳ, ಹೆಚ್ಚು ಕಡಿಮೆ ಅದೇ ಬಿಂದು.

ಸಾಲು ಸಾಲು ಒರಗುಕುರ್ಚಿಗಳ ಕೊನೆಯಲ್ಲಿ ಗ್ಲೆನ್ ಓದುವ ಕನ್ನಡಕ ಹಾಕಿಕೊಂಡು ಮಲಗಿದ್ದ. ಪಕ್ಕದ ಯಂತ್ರದ ಬಾಟಲಿಯಲ್ಲಿ ಹಳದಿ ದ್ರವ ಏರುತ್ತಿತ್ತು. ಅವಳು ತಿರುಗಿ ಹೋಗುವ ಮೊದಲೇ ಅವನು ನೋಡಿದ.

"ಇಲ್ಲೇ ಬಾ ಮರಿ. ಈ ಸಾಲಿನ ಹುಡುಗಿ ಚೆನ್ನಾಗಿ ಚುಚ್ಚುತ್ತಾಳೆ. ಆ ಕಡೆಯವನು ಕಟುಕ."

ಅವಳು ಕೂತಳು. ಮಾರ್ಚಿನ ಮಾತನ್ನು ಈಗಲೇ ಹೇಳಿಬಿಡಬೇಕು ಎಂದುಕೊಂಡಳು. ಕೇಳಿದ್ದು ಬೇರೆ.

"ಎಷ್ಟು ದಿನದಿಂದ?"

"ಎರಡು ವರ್ಷ ಆಯ್ತು. ಡಾರ್ಲಾಗೆ ಹೇಳಬೇಡ. ಗಣಿ ಕಂಪನಿಯವರು ಕೆಲಸಕ್ಕೆ ಕರೆದಾಗಲೂ, ಜೈಲಿನವರು ಕಾವಲು ಕೆಲಸಕ್ಕೆ ಕರೆದಾಗಲೂ ಅವಳು ಹೋಗು ಅಂದಳು. ನಾನು, ಇಲ್ಲ ಕಣೇ, ಇಲ್ಲೇ ಸಂಬಳ ಸಾಲುತ್ತೆ ಅಂದೆ. ಇಪ್ಪತ್ತಾರು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ, ಸಾಲುತ್ತೆ ಅಂತ." ಯಂತ್ರ ಕುಂಯ್ ಅಂದಿತು. ಅವನು ಮುಷ್ಟಿಯನ್ನು ಒಂದೆರಡು ಸಲ ಹಿಂಡಿ ಬಿಟ್ಟ. "ಸಾಲೋ ಹಾಗೆ ಮಾಡ್ತಿದ್ದೀನಲ್ಲ, ಸುಳ್ಳು ಹೇಗಾಗುತ್ತೆ."

*

"ಚೀಫ್ ಹತ್ರ ಹೇಳಿದ್ದು ನಾನು," ಎಂದಳು ಟೆಸ್ಸಾ.

ಡಾರ್ಲಾ ಬಾಗಿಲ ಹಿಡಿಯಿಂದ ಕೈ ತೆಗೆದಳು.

"ನಾನೂ ನೀವು ಅಂದ್ಕೊಂಡ ಹಾಗೇ ಅಂದ್ಕೊಂಡೆ. ತಪ್ಪಾಗಿತ್ತು. ಅವನು ಪ್ಲಾಸ್ಮಾ ಮಾರ್ತಿದ್ದ, ನಗರಕ್ಕೆ ಹೋಗಿ. ವಾರಕ್ಕೆರಡು ಸಲ. ನಿಮಗೆ ಹೇಳಬಾರದು ಅಂತ ನನ್ನ ಹತ್ರ ಮಾತು ತಗೊಂಡಿದ್ದ."

"ಹೆಚ್ಚುವರಿ ಪಾಳಿ ಅಂತಿದ್ದ."

"ಹೆಚ್ಚುವರಿ ಪಾಳಿ ಎರಡು ವರ್ಷದಿಂದ ಯಾರಿಗೂ ಕೊಟ್ಟಿಲ್ಲ."

"ಕಥೆ ಕಟ್ತಿದ್ದೀಯ. ಅವನ ಮರ್ಯಾದೆ ಉಳಿಸೋಕೆ."

ಟೆಸ್ಸಾ ಬಲ ಮಣಿಕಟ್ಟಿನ ಗುಂಡಿ ಬಿಚ್ಚಿದಳು. ಸಮವಸ್ತ್ರದ ತೋಳು ಬಿಗಿಯಾಗಿತ್ತು, ಮೇಲೇರಿಸಲು ಎರಡು ಸಲ ಮಡಚಬೇಕಾಯಿತು. ಮೊಣಕೈಯ ಒಳಮಡಿಕೆಯನ್ನು ಬಲ್ಬಿನ ಕೆಳಗೆ ಹಿಡಿದಳು. ಕೆಂಪು ಚುಕ್ಕೆಗಳು ಒಂದರ ಪಕ್ಕ ಒಂದಿದ್ದವು. ಕೊನೆಯದರ ಮೇಲೆ ಇನ್ನೂ ಹಕ್ಕಳೆಯಿತ್ತು.

ಡಾರ್ಲಾ ಕನ್ನಡಕ ಹಾಕಿಕೊಂಡು ಬಗ್ಗಿದಳು. ಹೆಬ್ಬೆರಳಿನಿಂದ ಮೆಲ್ಲನೆ ಸವರಿದಳು. ಆಮೇಲೆ, "ಅವನು ಯಾವ ಯಾವ ದಿನ ಹೋಗ್ತಿದ್ದ?" ಎಂದಳು.

"ಸೋಮವಾರ, ಗುರುವಾರ."

"ಸೋಮವಾರ, ಗುರುವಾರ ಬೆಳಗ್ಗೆ ನಾಲ್ಕು ಮೊಟ್ಟೆ ತಿಂತಿದ್ದ. ಬೇರೆ ದಿನ ಒಂದೂ ಇಲ್ಲ. ಹೃದಯಕ್ಕೆ ಒಳ್ಳೇದಲ್ಲ ಅಂತ ನಾನು ಬೈತಿದ್ದೆ."

"ಅದು ಪ್ರೋಟೀನಿಗೆ. ರಕ್ತದಲ್ಲಿ ಕಮ್ಮಿ ಇದ್ರೆ ವಾಪಸ್ ಕಳಿಸ್ತಾರೆ. ಎರಡು ಗಂಟೆ ದಾರಿ ದಂಡ."

ಡಾರ್ಲಾ ಗೋಡೆಗೆ ಒರಗಿದಳು. ಯಾರದೋ ಕೋಟು ಅವಳ ಹೆಗಲ ಮೇಲೆ ಜಾರಿತು, ಅವಳು ಅದನ್ನು ತೆಗೆಯಲಿಲ್ಲ.

"ಆ ಹತ್ತೊಂಬತ್ತು ದಿನ ನಾನು ಅವನ ಜೊತೆ ಮಾತಾಡಲಿಲ್ಲ," ಎಂದಳು. "ಒಂದೇ ಮನೇಲಿ. ಅವನು ಕಾಫಿ ಮಾಡಿ ನನ್ನ ಮುಂದೆ ಇಟ್ಟು ಹೋಗ್ತಿದ್ದ."

ಕೋಣೆಯಾಚೆ ಯಾರೋ ನಕ್ಕರು, ಕುರ್ಚಿ ಎಳೆದ ಸದ್ದಾಯಿತು.

"ನಿನ್ನದು ಯಾವಾಗ?"

"ನಾಳೆ ಬೆಳಗ್ಗೆ."

ಡಾರ್ಲಾ ಮುಖ ಒರೆಸಿಕೊಂಡು ಬಾಗಿಲು ತೆಗೆದಳು. ಜನ ದಾರಿ ಬಿಟ್ಟರು. ಅವಳು ನೇರವಾಗಿ ಊಟದ ಮೇಜಿಗೆ ಹೋಗಿ, ಕಾಗದದ ತಟ್ಟೆಯೊಂದನ್ನು ಟೆಸ್ಸಾಳ ಕೈಗೆ ಕೊಟ್ಟು, ಮೊಟ್ಟೆಯ ಹೋಳೊಂದನ್ನು ಅದರ ಮೇಲಿಟ್ಟಳು. ಆಮೇಲೆ ಇನ್ನೊಂದು. ಇನ್ನೊಂದು.

"ಡಾರ್ಲಾ, ಹಿಂದೆ ಇನ್ನೂ ಜನ ಇದ್ದಾರೆ ಕಣಮ್ಮ," ಎಂದಳು ಎಲ್ಸಿ ಅಜ್ಜಿ.

ಡಾರ್ಲಾ ನಿಲ್ಲಿಸಲಿಲ್ಲ. ಏಳನೆಯದು, ಎಂಟನೆಯದು. ಜಾರತೊಡಗಿದ ಹೋಳುಗಳನ್ನು ಬೆರಳಿನಿಂದ ಒಳಕ್ಕೆ ದೂಡಿ ಒಂಬತ್ತನೆಯದಕ್ಕೆ ಜಾಗ ಮಾಡಿದಳು. ತಟ್ಟೆ ನಡುವೆ ಬಗ್ಗಿತು. ಟೆಸ್ಸಾ ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು.