ನೂರನೆಯ ಚೌಕ

ಶವಪೆಟ್ಟಿಗೆಯ ಮುಚ್ಚಳ ಅರ್ಧ ಇಳಿದಾಗ ರಾಕ್ಸಾನ್ ಕೈ ಅಡ್ಡ ಹಿಡಿದಳು. “ಒಂದ್ನಿಮಿಷ ತಡೀರಿ.”

ಶವಸಂಸ್ಕಾರದ ಎಲ್ವಿನ್ ಮುಚ್ಚಳವನ್ನು ಮತ್ತೆ ಎತ್ತಿ, ಗೋಡೆಯ ಕಡೆ ತಿರುಗಿ ನಿಂತ. ನಲವತ್ತು ವರ್ಷದಿಂದ ಇದೇ ಕೆಲಸ ಮಾಡಿದವನಿಗೆ ಯಾವಾಗ ಬೆನ್ನು ತಿರುಗಿಸಬೇಕೆಂದು ಗೊತ್ತಿರುತ್ತದೆ. ರಾಕ್ಸಾನ್ ತಾಯಿ ಆರ್ಡಿಸಳ ಮಡಿಸಿದ ಕೈಗಳ ಕೆಳಗಿನಿಂದ ಹಳದಿಗಟ್ಟಿದ ಒಂದು ಕಾರ್ಡನ್ನು ಮೆಲ್ಲಗೆ ಎಳೆದು ತೆಗೆದಳು. ಐದು ನಿಮಿಷದ ಹಿಂದೆ ಅದನ್ನು ಅಲ್ಲಿ ಕದ್ದು ತೂರಿಸಿದವಳೂ ಅವಳೇ. ಜೊತೆಗಿಟ್ಟಿದ್ದ ಪೆನ್ಸಿಲನ್ನು ಮಾತ್ರ ಅಮ್ಮನ ಬೆರಳುಗಳ ನಡುವೆಯೇ ಬಿಟ್ಟಳು.

“ಈಗ ಹಾಕಿ,” ಎಂದಳು.

ಕಾರ್ಡು ಅವಳ ಕೈಚೀಲ ಸೇರಿತು. ಮಣ್ಣಿಗೆ ಹೋಗಿದ್ದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೆ ಹೋದ ಮಂಗಳವಾರ, ಇನ್ನೂ ಮಾತು ನಿಂತಿರದಿದ್ದಾಗ, ತಾಯಿ ಮಂಚದ ಕೆಳಗಿನಿಂದ ಅದನ್ನು ತೆಗೆಸಿ, ನಡೆದದ್ದನ್ನೆಲ್ಲ ಹೇಳಿ, “ಇದನ್ನ ಡೆಲ್ಮರ್‌ಗೆ ಕೊಡು. ನನ್ ಕೈಲಿ ಆಗ್ಲಿಲ್ಲ” ಎಂದಿದ್ದಳು. ಆ ಡೆಲ್ಮರ್, ಹಳೆಯ ಕಾರು ಓಟಗಾರ, ಈಗ ಚರ್ಚಿನ ಎರಡನೆಯ ಬೆಂಚಿನಲ್ಲಿ ಕೂತಿದ್ದ. ಎಂಬತ್ತೆರಡರ ಮುದುಕ. ಅಮ್ಮನ ಪೆಟ್ಟಿಗೆಯ ಮುಂದೆಯೇ ಅವಳನ್ನು ಶಪಿಸಿಬಿಟ್ಟರೆ ಏನು ಮಾಡುವುದೆಂದು ಹೆದರಿಯೇ ರಾಕ್ಸಾನ್ ಕಾರ್ಡನ್ನು ಮಣ್ಣಿಗೆ ಕಳಿಸಹೊರಟಿದ್ದಳು.

ವಿಸ್ಕಾನ್ಸಿನ್ ಸೀಮೆಯ ನಮ್ಮ ಆಲ್ಡರ್ಬಿಯಲ್ಲಿ ಜುಲೈ ತಿಂಗಳ ಮೊದಲ ಶನಿವಾರ ಸ್ಟಾಕ್ ಕಾರುಗಳ, ಅಂದರೆ ಓಟಕ್ಕೆಂದು ಸಜ್ಜುಗೊಳಿಸಿದ ಮಾಮೂಲಿ ಕಾರುಗಳ, ‘ನೂರು ಸುತ್ತು’ ಪಂದ್ಯ ನಡೆಯುತ್ತದೆ. ೧೯೫೧ರಿಂದ ಒಂದು ವರ್ಷವೂ ತಪ್ಪಿಲ್ಲ. ಗೆದ್ದವರ ಹೆಸರೆಲ್ಲ ಗೇಟಿನ ಹಲಗೆಯ ಮೇಲಿದೆ. ಈಗ ಕಾರಿನ ಹೊಟ್ಟೆಗೆ ಕಟ್ಟಿದ ಒಂದು ಡಬ್ಬಿ ಸುತ್ತು ಎಣಿಸುತ್ತದೆ. ಮೊದಲು ಹಾಗಲ್ಲ. ಒಂದೊಂದು ಕಾರಿಗೆ ಒಬ್ಬೊಬ್ಬ ಹೆಂಗಸು ಅಟ್ಟಣೆಯ ಮೇಲೆ ಕೂತು, ತನ್ನ ಕಾರು ಗೆರೆ ದಾಟಿದಾಗಲೆಲ್ಲ ಗಡಿಯಾರ ನೋಡಿ, ಕಾರ್ಡಿನ ಒಂದು ಚೌಕದಲ್ಲಿ ಹೊತ್ತು ಬರೆಯಬೇಕಿತ್ತು. ನೂರು ಸುತ್ತಿಗೆ ನೂರು ಚೌಕ. ಗೆಲುವಿನ ಬಾವುಟ ಯಾರಿಗೇ ಬೀಸಲಿ, ಗೆದ್ದವನು ಯಾರೆಂದು ಹೇಳುವುದು ಕಾರ್ಡು. ಗಂಡಸರು ಮೀಸೆ ತಿರುವಿದ್ದೆಲ್ಲ ಈ ಹೆಂಗಸರ ಪೆನ್ಸಿಲ್ ತುದಿಯಲ್ಲಿತ್ತು.

ಆರ್ಡಿಸ್ ವಾರವಿಡೀ ಬಟಾಣಿ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ನಿಂತು ದುಡಿದು, ಶನಿವಾರ ಆ ಅಟ್ಟಣೆ ಹತ್ತುತ್ತಿದ್ದಳು. ಸುತ್ತು ಎಣಿಸುವ ಡಬ್ಬಿ ಬಂದು ಅಟ್ಟಣೆಯ ಕೆಲಸ ಹೋದ ಮೇಲೂ ಜನರ ನಡುವೆ ಕೂತು ತನ್ನ ಪಾಡಿಗೆ ಬರೆದಳು. ಗೆರೆ, ಗಡಿಯಾರ, ಕಾರ್ಡು, ಈ ಮೂರನ್ನು ಬಿಟ್ಟು ಬೇರೆ ಕಡೆ ಅವಳ ಕಣ್ಣು ಹೋಗುತ್ತಿರಲಿಲ್ಲ. ಕಾರುಗಳು ಹೊತ್ತಿ ಉರಿದರೂ ತಿರುಗುತ್ತಿರಲಿಲ್ಲ. ಕಲ್ಲಿನಂಥ ಹೆಂಗಸು ಎಂದು ನಾವೇ ಎಷ್ಟೋ ಸಲ ಆಡಿಕೊಂಡಿದ್ದೇವೆ.

ಪ್ರಾರ್ಥನೆ ಮುಗಿದು ಮೆಟ್ಟಿಲ ಬಳಿ ಜನ ಸೇರಿದಾಗ, ಆರ್ಡಿಸಳ ಪಕ್ಕದಲ್ಲೇ ಇಪ್ಪತ್ತು ವರ್ಷ ಸುತ್ತು ಬರೆದಿದ್ದ ಬರ್ನಿಸ್ ಊರುಗೋಲು ಊರಿಕೊಂಡು ಕತೆ ತೆಗೆದಳು.

“ಎಪ್ಪತ್ತೆರಡ್ರಲ್ಲಿ ನಂಗೆ ಅಟ್ಟಣೆ ಮೇಲೇ ನೋವು ಶುರುವಾಯ್ತು. ಆರ್ಡಿಸ್, ಮಗು ಬರೋ ಹಾಗಿದೆ ಕಣೇ ಅಂದೆ. ಪುಣ್ಯಾತ್ಗಿತ್ತಿ ತಿರುಗಿ ನೋಡ್ಬೇಕಲ್ಲ. ಇನ್ನು ಹನ್ನೊಂದ್ ಸುತ್ತು ತಡ್ಕೋ ಅಂದ್ಲು.”

ಎಲ್ಲರೂ ನಕ್ಕರು. ರಾಕ್ಸಾನ್‌ಗೆ ನಗು ಬರಲಿಲ್ಲ. ಅವಳ ಗದ್ದದ ಕೆಳಗೆ ಒಂದು ಬಿಳಿ ಗೀರಿದೆ. ಒಂಬತ್ತು ವರ್ಷದವಳಿದ್ದಾಗ ಅದೇ ಅಟ್ಟಣೆಯ ಮೆಟ್ಟಿಲಿನಿಂದ ಬಿದ್ದು, ರಕ್ತ ಸುರಿಸಿಕೊಂಡು ಅಮ್ಮನ ಲಂಗ ಹಿಡಿದು ಜಗ್ಗಿದ್ದಳು. ಅಮ್ಮ ಎಡಗೈಯಿಂದ ತನ್ನ ಕರವಸ್ತ್ರವನ್ನು ಕೊಟ್ಟಿದ್ದಳು, ಅಷ್ಟೇ. ನೂರನೆಯ ಸುತ್ತು ಮುಗಿಯುವವರೆಗೆ ಮುಖ ತಿರುಗಿಸಿರಲಿಲ್ಲ. ಆ ಮಧ್ಯಾಹ್ನವನ್ನು ರಾಕ್ಸಾನ್ ಐವತ್ತು ವರ್ಷ ಕ್ಷಮಿಸಿರಲಿಲ್ಲ. ಅಮ್ಮ ಯಾಕೆ ತಿರುಗುತ್ತಿರಲಿಲ್ಲವೆಂದು ಮಂಗಳವಾರ ಕಾರ್ಡು ಕೈಗೆ ಬಂದ ಮೇಲೆಯೇ ಅವಳಿಗೆ ತಿಳಿದದ್ದು.

* * *

೧೯೬೮ರ ಜುಲೈಯಲ್ಲಿ ಆರ್ಡಿಸಳಿಗೆ ಮೂವತ್ತೆರಡು. ಗಂಡ ಮರ್ಲಿನ್ ಓಟದಲ್ಲಿದ್ದ. ಹೆಂಡತಿಗೆ ಗಂಡನ ಕಾರ್ಡು ಕೊಡುವ ಪದ್ಧತಿಯಿಲ್ಲ. ಅವಳ ಪಾಲಿಗೆ ಬಂದದ್ದು ಇಪ್ಪತ್ತೇಳನೆಯ ನಂಬರು, ಡೆಲ್ಮರ್‌ನ ಕಾರು. ಎಪ್ಪತ್ತೆರಡು ಸುತ್ತು ಮುಗಿದಾಗ ಡೆಲ್ಮರ್ ಎಲ್ಲರಿಗಿಂತ ಮುಂದಿದ್ದ. ಅವನು ಮತ್ತೊಮ್ಮೆ ಗೆರೆಯ ಹತ್ತಿರ ಬರುತ್ತಿದ್ದಂತೆಯೇ ಆಚೆಯ ತಿರುವಿನಲ್ಲಿ ಮರ್ಲಿನ್‌ನ ಕಾರು ಗೋಡೆಗೆ ಬಡಿದು ಪಲ್ಟಿ ಹೊಡೆಯಿತು.

ಆರ್ಡಿಸ್ ಎದ್ದು ನಿಂತು ಅತ್ತ ನೋಡಿದಳು. ಮರ್ಲಿನ್ ಕಿಟಕಿಯಿಂದ ಕೈ ಹೊರಹಾಕಿ ಬೀಸಿದ. ಏನೂ ಆಗಿಲ್ಲ, ಕೂತ್ಕೋ ಎಂದು ಪಕ್ಕದವರು ಅವಳನ್ನು ಕೂರಿಸಿದರು. ತನ್ನ ಕಾರು ಓಡುತ್ತಿರುವಷ್ಟು ಹೊತ್ತು ಬರೆಯುವವಳು ಏಳುವಂತಿಲ್ಲ. ಅವಳು ಕೂತು ಕೊನೆಯವರೆಗೂ ಬರೆದು, ಕಾರ್ಡು ಒಪ್ಪಿಸಿ, ಆಮೇಲೆ ಮರ್ಲಿನ್‌ನನ್ನು ಒಯ್ದಿದ್ದ ಆಸ್ಪತ್ರೆಗೆ ಓಡಿದಳು. ಒಳಗೇ ರಕ್ತ ಹರಿದಿತ್ತು. ಮರ್ಲಿನ್ ಮೂರನೆಯ ದಿನ ತೀರಿಕೊಂಡ.

ಇತ್ತ ಬಾವುಟ ಬಿದ್ದದ್ದು ಡೆಲ್ಮರ್‌ಗೆ. ಅವನು ಗೆದ್ದ ಕಪ್ಪನ್ನು ಎತ್ತಿ ಹಿಡಿದಿದ್ದಾಗ ಅಟ್ಟಣೆಯಿಂದ ಸುದ್ದಿ ಬಂತು: ಕಾರ್ಡಿನಲ್ಲಿ ತೊಂಬತ್ತೊಂಬತ್ತೇ ಚೌಕ ತುಂಬಿದೆ. ಕಪ್ಪನ್ನು ಎರಡನೆಯವನಾಗಿ ಬಂದವನಿಗೆ ಕೊಟ್ಟರು. ಬರೆದವಳನ್ನು ಅರ್ಧ ಗಂಟೆಯೊಳಗೆ ಎದುರು ಕೂರಿಸಿ ಕಾರ್ಡನ್ನು ತಿರುಗಿ ನೋಡಿಸುವ ಹಕ್ಕು ಡೆಲ್ಮರ್‌ಗಿತ್ತು. ಅವನು ಯಾಕೋ ಕೇಳಲಿಲ್ಲ. ಮುಂದೆ ನಾಲ್ಕು ಸಲ ಎರಡನೆಯವನಾದ. ಹಲಗೆಯ ಮೇಲೆ ಅವನ ಹೆಸರು ಒಮ್ಮೆಯೂ ಏರಲಿಲ್ಲ.

ಆ ವರ್ಷದ ಕಾರ್ಡುಗಳನ್ನು ಸುಡುವ ಮುಂಚೆ ಆರ್ಡಿಸ್ ತನ್ನದನ್ನು ಕೇಳಿ ಪಡೆದಳು. ಒಂದು ಚೌಕಕ್ಕೂ ಮುಂದಿನದಕ್ಕೂ ಹದಿನೆಂಟು ಸೆಕೆಂಡು. ಎಪ್ಪತ್ತೆರಡನೆಯದರ ನಂತರ ಮಾತ್ರ ಅದರ ದುಪ್ಪಟ್ಟು, ಅಂದರೆ ನಡುವೆ ಒಂದು ಸುತ್ತು ಬರೆಯದೆ ಬಿಟ್ಟುಹೋಗಿತ್ತು. ಆ ಒಂದು ಸಲ ಅವಳು ಗಂಡನನ್ನು ನೋಡುತ್ತಿದ್ದಳು.

* * *

ಓಟದ ಮಂದಿ ಸತ್ತರೆ ಸ್ಮಶಾನಕ್ಕೆ ಹೋಗುವ ಮೊದಲು ಶವದ ಕಾರು ಮೈದಾನವನ್ನು ಒಂದು ಸುತ್ತು ಹಾಕುತ್ತದೆ. ಮನೆಯವರು ಗೆರೆಯ ಹತ್ತಿರ ನಿಲ್ಲುತ್ತಾರೆ. ಈ ಸಲದ ಓಟಕ್ಕೆ ಒಂಬತ್ತೇ ದಿನ ಉಳಿದಿದ್ದರಿಂದ ಗೆರೆಗೆ ಹೊಸ ಬಿಳಿ ಬಣ್ಣ ಬಳಿದಿದ್ದರು. ಎಲ್ವಿನ್ ಕಾರನ್ನು ಒಳಗೆ ತರುವಷ್ಟರಲ್ಲಿ ಡೆಲ್ಮರ್ ಬೇಲಿ ಹಿಡಿದುಕೊಂಡು ರಾಕ್ಸಾನ್ ಪಕ್ಕಕ್ಕೆ ಬಂದ. ಇನ್ನು ತಡೆದರೆ ಆಗುವುದಿಲ್ಲ ಎಂದು ಅವಳು ಕಾರ್ಡನ್ನು ತೆಗೆದು ಅವನ ಕೈಗಿಟ್ಟಳು.

“ಡೆಲ್ಮರ್ ಮಾಮ, ಇದು ಅರವತ್ತೆಂಟರದ್ದು. ನೀವು ನೂರೂ ಓಡಿಸಿದ್ರಿ. ಅಮ್ಮ ಒಂದು ಬಿಟ್ಬಿಟ್ಲು. ಅವಳಿಗೆ ಗೊತ್ತಿತ್ತು.”

ಡೆಲ್ಮರ್ ಕಾರ್ಡನ್ನು ದೂರ ಹಿಡಿದು ನೋಡಿದ. ಬೆರಳು ಎಪ್ಪತ್ತೆರಡನೆಯ ಚೌಕಕ್ಕೆ ನೇರವಾಗಿ ಹೋಗಿ ನಿಂತಿತು.

“ನಂಗೂ ಗೊತ್ತಿತ್ತು ಮಗಾ.”

ರಾಕ್ಸಾನ್ ಅವನ ಮುಖ ನೋಡಿದಳು.

“ಮರ್ಲಿನ್ ಬಿದ್ದಾಗ ನಾನು ಗೆರೆ ಮೇಲೇ ಇದ್ದೆ. ಆಗ ನಿಮ್ಮಮ್ಮ ಯಾರನ್ನ ನೋಡ್ತಿದ್ಲು ಅಂತ ಊಹಿಸಕ್ಕಾಗಲ್ವಾ? ಕಾರ್ಡು ನೋಡ್ಬೇಕು ಅಂದಿದ್ರೆ ಅವಳನ್ನ ಆಸ್ಪತ್ರೆಯಿಂದ ಎಳ್ಕೊಂಡು ಬರೋರು. ಒಂದ್ ಕಪ್ಪಿಗೋಸ್ಕರ.” ಅವನು ಕಾರ್ಡಿನ ಅಂಚು ಸವರಿದ. “ಬೇಕಾಗಿತ್ತು, ಇಲ್ಲ ಅನ್ನಲ್ಲ. ಈಗ್ಲೂ ಆ ಹಲಗೆ ಕಡೆ ನೋಡದೇನೇ ಒಳಗೆ ಬರ್ತೀನಿ.”

“ಅವಳಿಗೆ ಹೇಳ್ಬಹುದಿತ್ತಲ್ಲ ಮಾಮ. ಒಂದ್ಸಲ.”

“ಹೇಳೋಣ ಅಂತ ಪ್ರತಿ ಜುಲೈನೂ, ನಾನು ಓಡಿಸ್ದೇ ಇರೋ ಹೊತ್ತಲ್ಲಿ, ಅವಳು ಕೂತಲ್ಲಿಗೆ ಬಂದು ಹಿಂದೆ ನಿಂತ್ಕೋತಿದ್ದೆ. ಅವಳು ತಿರುಗಿದ್ರೆ ತಾನೇ.”

ಐವತ್ತಾರು ಬೇಸಿಗೆ. ಒಬ್ಬನು ಹಿಂದೆ ಕ್ಷಮೆ ಹಿಡಿದು ನಿಂತಿದ್ದ, ಒಬ್ಬಳು ಮುಂದೆ ಶಿಕ್ಷೆ ಅನುಭವಿಸುತ್ತ ಕೂತಿದ್ದಳು, ನಡುವೆ ಒಂದು ಮಾರು ದೂರವೂ ಇರಲಿಲ್ಲ. ರಾಕ್ಸಾನ್ ಬೇಲಿಗೆ ಹಣೆ ಹಚ್ಚಿ ಬಿಕ್ಕಿದಳು.

ಕಪ್ಪು ಕಾರು ಮೊದಲ ತಿರುವು ದಾಟಿ ಮೆಲ್ಲಗೆ ಹೋಗುತ್ತಿತ್ತು. ಮರ್ಲಿನ್ ಬಿದ್ದ ಜಾಗದಲ್ಲಿ ಎಲ್ವಿನ್ ಇನ್ನೂ ನಿಧಾನ ಮಾಡಿದ. ಬೇಲಿಯುದ್ದಕ್ಕೂ ಗಂಡಸರು ಟೋಪಿ ತೆಗೆದರು.

ಡೆಲ್ಮರ್ ಅಂಗಿಯ ಜೇಬಿನಿಂದ ತನ್ನ ಬಡಗಿ ಪೆನ್ಸಿಲು ತೆಗೆದು, ಕಾರ್ಡಿನ ಸಮೇತ ರಾಕ್ಸಾನ್ ಕಡೆ ಚಾಚಿದ. “ಕೊನೇ ಚೌಕ ಖಾಲಿ ಇದೆ. ಬರಿ. ನನ್ ಕೈ ನಡುಗುತ್ತೆ.”

“ನಂಗೆ ಕಣ್ಣೇ ಕಾಣ್ತಿಲ್ಲ.”

“ಗಡಿಯಾರ ನಾನು ನೋಡ್ತೀನಿ. ನೀನು ನಿಮ್ಮಮ್ಮನ್ನ ನೋಡು.”

ಕಾರು ಕೊನೆಯ ತಿರುವು ಬಳಸಿ ಬಂತು. ರಾಕ್ಸಾನ್ ಕೆನ್ನೆ ಒರೆಸಿಕೊಳ್ಳಲಿಲ್ಲ, ರೆಪ್ಪೆ ಮುಚ್ಚಲಿಲ್ಲ. ಮುಂದಿನ ಗಾಲಿ ಬಿಳಿ ಗೆರೆಯನ್ನು ತುಳಿಯಿತು.

“ಎರಡು ಗಂಟೆ, ಹದಿನೇಳು, ನಲವತ್ತು,” ಎಂದ ಡೆಲ್ಮರ್.

ಅವಳು ಬರೆದು ಕಾರ್ಡನ್ನು ಅವನಿಗೆ ಕೊಟ್ಟಳು. ಶವದ ಕಾರು ನಿಲ್ಲದೆ ಗೇಟಿನ ಕಡೆ ತಿರುಗಿತು. ಜನ ಅದರ ಹಿಂದೆ ಹೊರಟರು. ಡೆಲ್ಮರ್ ಮಾತ್ರ ಬೇಲಿಗೆ ಒರಗಿ, ಮೊದಲನೆಯ ಚೌಕದ ಮೇಲೆ ಬೆರಳಿಟ್ಟು, ತುಟಿಯಲ್ಲೇ ಒಂದು, ಎರಡು ಎಂದು ಎಣಿಸತೊಡಗಿದ. ಅವನ ಎಣಿಕೆ ಮುಗಿಯಲೆಂದು ರಾಕ್ಸಾನ್ ಪಕ್ಕದಲ್ಲೇ ನಿಂತಳು.