ಮಾಮಾನ ಜಿಮ್ಮೆ

ಜಾವಳದ ದಿನ ಕೂಸನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಮೊದಲ ಕೂದಲು ತೆಗೆಸುವುದು ರೂಢಿ. ಔರಾದದಲ್ಲಿ ತಂಗಿ ಸಪನಾಳ ಮನೆಯಲ್ಲಿ ಆಕೆಯ ಮಗಳು ಮಹಾಮಾಯಾಳನ್ನು ತೊಡೆಗೆ ಹಾಕಿಕೊಂಡ ಗೋರಖನಾಥ ಅಂದು ಎಲ್ಲರೆದುರು ಮಾತು ಕೊಟ್ಟಿದ್ದ: "ಈಕಿ ಎದಿಯಾಗಿನ ತೂತು ಮುಚ್ಚಿಸೋದು ನನ್ನ ಜಿಮ್ಮೆ. ನೀ ಫಿಕರ್ ಮಾಡಬ್ಯಾಡ, ಸಪನಾ."

ಹೃದಯದಲ್ಲಿ ಹುಟ್ಟಿನಿಂದ ಬಂದ ತೂತು. ಹಾಲು ಕುಡಿಯುವಾಗ ಕೂಸು ಬೆವರುತ್ತಿತ್ತು, ಪಕ್ಕೆ ಎಳೆದು ಉಸಿರಾಡುತ್ತಿತ್ತು. ಬೇಗ ಆಪರೇಷನ್ ಮಾಡಿಸಿರೆಂದಿದ್ದರು ಡಾಕ್ಟರು. ಇವತ್ತು ನಾಳೆ ಅನ್ನುವಷ್ಟರಲ್ಲಿ ಏದುಸಿರು ತಾನಾಗಿ ಇಳಿಯಿತು. ಕೂಸು ಮೈ ತುಂಬಿಕೊಂಡು ರೊಟ್ಟಿ ಮುರಿದು ತಿನ್ನತೊಡಗಿತು. ನೋಡಲು ಭಾಲ್ಕಿಯಿಂದ ಬಂದ ಗೋರಖನಾಥ, ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದವಳನ್ನು ಎತ್ತಿಕೊಂಡು ನಕ್ಕಿದ್ದ. "ತೂತು ತಾನ ಮುಚ್ಯದ, ತಂಗಿ. ಆರಾಮ ಆದ ಕೂಸಿನ ಎದಿ ಯಾಕ ಕೊಯ್ಸಬೇಕು?"

ಈಗ ಮಹಾಮಾಯಾಳಿಗೆ ಒಂಬತ್ತು ವರ್ಷ. ಶಾಲೆಯ ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತದೆ. ಆಪರೇಷನ್ನಿಗೆ ಮೊದಲು ಎಕೋ ಎಂಬ ಹೃದಯದ ಸ್ಕ್ಯಾನ್ ಆಗಬೇಕೆಂದು ಅಣ್ಣ ತಂಗಿ ಬೀದರಿನ ಆಸ್ಪತ್ರೆಗೆ ಕರೆತಂದಿದ್ದರು. ಡಾಕ್ಟರ್ ಶೈಸ್ತಾ ಎದೆಗೆ ಜೆಲ್ ಹಚ್ಚಿದ್ದೇ ತಡ, ಹುಡುಗಿ ಕಿಸಕ್ಕನೆ ನಕ್ಕಳು.

"ಅಯ್ಯ, ಥಂಡಿ ಅದ! ಮಾಮಾ, ಟಿವಿದಾಗ ನೋಡು, ಕೆಂಪು, ನೀಲಿ. ನನ್ನ ಎದಿಯಾಗ ರಂಗಪಂಚಮಿ ನಡದದ!"

"ನಿನಗ ಬಣ್ಣ ಹಾಕೋ ಧೈರ್ಯ ಯಾರಿಗದ, ನಮ್ಮವ್ವ?" ಅಂದ ಗೋರಖನಾಥ.

ಡಾಕ್ಟರು ನಗಲಿಲ್ಲ. ಮತ್ತೆ ಮತ್ತೆ ಅದೇ ಜಾಗಕ್ಕೆ ಒತ್ತಿ ನೋಡಿದರು. ಹುಡುಗಿಯನ್ನು ಹೊರಗೆ ಕೂರಿಸಿ ಬಂದ ಮೇಲೆ ಮೆಲ್ಲಗೆ ಹೇಳಿದರು.

"ತೂತು ಹಾಂಗೇ ಅದರಿ. ಸಣ್ಣಾಕಿ ಇದ್ದಾಗ ರಕ್ತ ಪುಪ್ಪಸಕ್ಕ ನುಗ್ಗತಿತ್ತು, ಅದಕ್ಕ ಏದುಸಿರು. ಆ ಹೊಡತಕ್ಕ ಪುಪ್ಪಸದ ರಕ್ತನಾಳ ಬಿಗದು ದಪ್ಪ ಆದವು. ನುಗ್ಗೋದು ಕಡಿಮಿ ಆಯ್ತು. ನೀವು ಆರಾಮ ಆದ್ಲು ಅಂತ ತಿಳದ್ರಿ."

"ಈಗ ಮುಚ್ಚಿಬಿಡ್ರಿ ಮತ್ತ," ಗೋರಖನಾಥನ ದನಿ ಏರಿತು.

"ಈಗ ಆ ನಾಳದ ಒತ್ತಡಕ್ಕ ರಕ್ತ ತೂತಿನಾಗಿಂದ ಉಲ್ಟಾ ಹರೀಲಿಕ್ಕತ್ತದರಿ. ಹೊತ್ತು ಮೀರ್ಯದ, ಮುಚ್ಚಿದ್ರ ಆ ಒತ್ತಡ ಹೃದಯ ತಡಕೊಳ್ಳಂಗಿಲ್ಲ. ಹೈದರಾಬಾದದಾಗ ಇನ್ನೊಮ್ಮೆ ತೋರಸ್ರಿ. ಖರೇ ಹೇಳ್ತೇನಿ, ಆಸೆ ಇಟ್ಕೋಬ್ಯಾಡ್ರಿ. ಗುಳಗಿ ಬರದು ಕೊಡ್ತೇನಿ."

ಸಪನಾ ಅಣ್ಣನ ಕಡೆ ತಿರುಗಿದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ನೀ ಆರಾಮ ಅಂದಿ, ದಾದಾ. ನಾನೂ ಓಣಿ ತುಂಬ ಪೇಡಾ ಹಂಚಿದೆ."

ಹೊರಗೆ ಬೆಂಚಿನ ಮೇಲೆ ಮಹಾಮಾಯಾ ಕಾಲಾಡಿಸುತ್ತ ಕೂತಿದ್ದಳು. "ಮಾಮಾ, ಆಪರೇಷನ್ ಯಾವಾಗ ಮಾಡ್ತಾರ?"

"ಹಸಿವಾಗ್ಯದೇನು?" ಅಂದ ಅವನು.

ಹೈದರಾಬಾದಿನವರೂ ಅದನ್ನೇ ಹೇಳಿದರು. ಆಪರೇಷನ್ ಆಗಲಿಲ್ಲ. ಗೋರಖನಾಥ ಕೊಟ್ಟ ಮಾತು ನಡೆಯಲಿಲ್ಲ.