ಮಡಚುವ ರೆಕ್ಕೆಯ ಕೀಲು

ಸಿಂದಗಿಯ ಅಕ್ಕಸಾಲಿಗ ಮೋನಪ್ಪ ಪತ್ತಾರನ ಅಂಗಡಿಗೆ ಬಂಗಾರ ತಂದವರು ಯಾರೂ ಅದನ್ನು ಬಿಟ್ಟು ಹೋದದ್ದಿಲ್ಲ. ಅವನ ಎದುರಿಗೆ ಒಂದು ಸ್ಟೂಲಿತ್ತು. ಮೂಗುಬೊಟ್ಟಿನ ಬೆಸುಗೆಯೇ ಆಗಲಿ, ಕೆಲಸ ಮುಗಿಯುವತನಕ ಸ್ಟೂಲಿನ ಮೇಲೆ ಕೂತು ಅವನ ಕೈಯನ್ನೇ ನೋಡುವುದು ಊರಿನ ರೂಢಿ. ನೀರು ಕುಡಿಯಲು ಏಳುವವರು ಕೂಡ ಸೊಸೆಯನ್ನು ಕೂರಿಸಿಯೇ ಏಳುತ್ತಿದ್ದರು. ಮೂವತ್ತು ವರ್ಷದಲ್ಲಿ ಒಂದು ಗುಲಗಂಜಿಯಷ್ಟು ಬಂಗಾರಕ್ಕೂ ಆಸೆಪಡದ ಮೋನಪ್ಪನಿಗೆ ಇದು ಮೈಯುರಿಯುವ ಸಂಗತಿ. ಆದರೂ ಆ ನೋಟಗಳಡಿಯಲ್ಲಿ ಅವನ ಕೈ ಒಮ್ಮೆಯೂ ನಡುಗಿರಲಿಲ್ಲ.

ತೊಂಬತ್ತೆಂಟರ ಚಳಿಗಾಲದಲ್ಲಿ ಇಂಡಿಯಿಂದ ಸಂಜೀವಕುಮಾರ ಎಂಬಾತ ರಟ್ಟಿನ ಡಬ್ಬಿ ಹಿಡಿದು ಬಂದ. ನೌಕಾದಳದಲ್ಲಿ ಹದಿನೈದು ವರ್ಷ ವಿಮಾನ ರಿಪೇರಿ ಮಾಡಿ, ಈಗ ಬ್ಯಾಂಕಿನಲ್ಲಿ ಕಾರಕೂನನಾಗಿದ್ದವನು. ಡಬ್ಬಿಯಲ್ಲಿ ಮೊಳದುದ್ದದ ಪ್ಲಾಸ್ಟಿಕ್ ವಿಮಾನವಿತ್ತು. ತಾನೇ ಜೋಡಿಸಿ, ಎರಡೂ ರೆಕ್ಕೆಗಳನ್ನು ನಡುವೆ ಕೊಯ್ದಿದ್ದ.

“ಹಡಗಿನ್ಯಾಗ ಜಾಗಾ ಕಡಿಮಿರಿ. ಅದಕ್ಕ ರೆಕ್ಕಿ ಮ್ಯಾಲೆ ಮಡಚ್ತಾರ. ಮಡಚಿದಾಗ ಒಳಗಿಂದೆಲ್ಲಾ ಕಾಣ್ತೈತಿ, ಕೀಲು, ವೈರು ಎಲ್ಲಾ. ಇಷ್ಟು ಸಣ್ಣ ಕೀಲು ನನ್ನ ಕೈಲೆ ಆಗಂಗಿಲ್ಲ. ನೀವು ಕೈಯಾಗಿನ ತೋಡೇಕ್ಕ ಕೀಲು ಕೂಡ್ಸೋರು.”

“ಮಾಡೂಣ್ರಿ, ಕೂಡ್ರಿ,” ಎಂದು ಮೋನಪ್ಪ ಸ್ಟೂಲು ತೋರಿಸಿದ.

“ನಾ ಕೂತು ಏನ್ ಮಾಡ್ಲಿರಿ? ರವಿವಾರ ಬರ್ತೇನಿ,” ಎಂದು ಆತ ಹೊರಟೇಬಿಟ್ಟ. ತಿರುಗಿ ಸಹ ನೋಡಲಿಲ್ಲ.

ಮೋನಪ್ಪನಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಪಕ್ಕದಲ್ಲಿ ಗಡಿಯಾರ ರಿಪೇರಿ ಮಾಡುವ ನಬಿಲಾಲ ಬೇರೆ ಉಪ್ಪು ಖಾರ ಹಚ್ಚಿದ: “ಪತ್ತಾರನ ಹಂತ್ಯಾಕ ಮಾಲು ಬಿಟ್ಟು ಆರಾಮ ಹೋದಾ ಅಂದ್ರ, ಅದರಾಗ ಏನೋ ಐತಿ ನೋಡಪಾ.”

ವಿಮಾನ ಎತ್ತಿದರೆ ಮೂಗಿನ ಕಡೆ ಭಾರ. ಪೊಳ್ಳು ಪ್ಲಾಸ್ಟಿಕ್ಕಿಗೆ ಇಷ್ಟು ಭಾರ ಎಲ್ಲಿಂದ ಬಂತು? ಮೋನಪ್ಪ ಅದನ್ನು ಮೆಲ್ಲಗೆ ಕೆಳಗಿಟ್ಟ. ಹಿಂದೊಮ್ಮೆ ಕಳುವಿನ ಸರ ಕರಗಿಸಿದ್ದಾನೆಂಬ ಗುಮಾನಿಯ ಮೇಲೆ ಅವನ ಅಪ್ಪನನ್ನು ಎರಡು ದಿನ ಠಾಣೆಯಲ್ಲಿ ಕೂರಿಸಿದ್ದರು. ತಪ್ಪಿಲ್ಲವೆಂದು ಬಿಟ್ಟ ಮೇಲೂ ಅಪ್ಪ ಮತ್ತೆ ಸುತ್ತಿಗೆ ಮುಟ್ಟಲಿಲ್ಲ. ಇದರಲ್ಲೂ ಕಳುವಿನ ಬಂಗಾರವಿದ್ದು, ನಾಳೆ ಪೊಲೀಸರು ಬಂದರೆ ತನ್ನ ಮಾತು ಯಾರು ನಂಬುತ್ತಾರೆ?

ಕೆಲಸವನ್ನಂತೂ ಬಿಡಲಿಲ್ಲ. ಹಿತ್ತಾಳೆ ತಗಡು ಕೊರೆದು ಅಕ್ಕಿಕಾಳಿನಷ್ಟು ಕೀಲುಗಳನ್ನು ಮಾಡಿದ, ನಡುವೆ ಸೂಜಿಯ ತುಂಡು ತೂರಿಸಿದ, ಕೂದಲೆಳೆಯಂಥ ತಂತಿಗಳನ್ನು ಕೊಯ್ದ ಜಾಗದಲ್ಲಿ ಸಾಲಾಗಿ ಕೂರಿಸಿದ. ಇಷ್ಟು ಚೆಂದದ ಕೆಲಸ ಅವನು ಬಂಗಾರದಲ್ಲೂ ಮಾಡಿರಲಿಲ್ಲ. ಆದರೆ ಕೈ ರೆಕ್ಕೆಯ ಮೇಲಿದ್ದರೂ ಕಣ್ಣು ಮೂಗಿನ ಮೇಲೇ ಇತ್ತು.

ಶನಿವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಬಾಗಿಲು ಅರ್ಧ ಮುಂದೆ ಮಾಡಿ, ವಿಮಾನದ ಮೂಗಿನಡಿಯ ಸಂದಿಗೆ ಚೂರಿ ಹಾಕಿದ. ಹತ್ತಿಯ ಉಂಡೆಯೊಂದು ಹೊರಬಿದ್ದು ಗುಂಡುಗಳು ನೆಲಕ್ಕೆ ಉರುಳಿದವು. ಒಂದನ್ನು ಹಿಡಿದು ಒರೆಗಲ್ಲಿಗೆ ತಿಕ್ಕಿದ. ಬೂದು ಗೆರೆ ಮೂಡಿತು. ಆಲಮಟ್ಟಿಯ ಮೀನುಗಾರರು ಬಲೆಗೆ ಕಟ್ಟುವಂಥ ಸೀಸದ ಗುಂಡುಗಳು.

ಮೋನಪ್ಪನಿಗೆ ನಾಚಿಕೆಯಾಯಿತು. ಗಡಿಬಿಡಿಯಲ್ಲಿ ಬಾಚಿ, ಹತ್ತಿಯ ಜೊತೆ ಒಳಗೆ ತುಂಬಿ ಅಂಟು ಹಾಕಿದ. ಯಾವ ವಸ್ತು ಬಂದರೂ ಮೊದಲು ತೂಗಿಡುವುದು ಅವನ ಪದ್ಧತಿ. ಪ್ಲಾಸ್ಟಿಕ್ಕೆಂದು ಇದೊಂದನ್ನು ತೂಗಿರಲಿಲ್ಲ.

ರವಿವಾರ ಸಂಜೀವಕುಮಾರ ಬಂದು ರೆಕ್ಕೆ ಮಡಚಿ ಬಿಚ್ಚಿ ನೋಡಿದ. “ಹದಿನೈದು ವರ್ಷ ಇಂಥಾ ಕೀಲಿಗೆ ಎಣ್ಣಿ ಬಿಟ್ಟೇನ್ರಿ. ಥೇಟ ಹಂಗ ಆಗೈತಿ,” ಎಂದ. ವಿಮಾನವನ್ನು ಗಾಲಿಗಳ ಮೇಲೆ ನಿಲ್ಲಿಸಿದ. ಅದರ ಮೂಗು ಮೆಲ್ಲಗೆ ಮೇಲೆದ್ದು, ಬಾಲ ನೆಲಕ್ಕೆ ಕೂತಿತು.

“ನೆಟ್ಟಗ ನಿಂದರಲಿ ಅಂತ ಮೂಗಿನ್ಯಾಗ ಏಳು ಗುಂಡು ಹಾಕಿದ್ದೆ. ತರಾಮುಂದ ನಿಂದರತಿತ್ತಲ್ರಿ.”

“ಕೀಲಿನ ಹಿತ್ತಾಳಿ ಭಾರ ಆಗಿರಬೇಕ್ರಿ.” ಆ ಅಂಗಡಿಯಲ್ಲಿ ಮೋನಪ್ಪ ಹೇಳಿದ ಮೊದಲ ಸುಳ್ಳು ಅದು.

ಸಂಜೀವಕುಮಾರ ವಿಮಾನವನ್ನು ಬೋರಲು ಹಾಕಿ, ಹೊಸ ಅಂಟಿನ ಮೇಲೆ ಉಗುರಾಡಿಸಿದ. ಆಮೇಲೆ ತಲೆ ಎತ್ತಿ ನೋಡಿದ. ಆ ನೋಟ ಮೋನಪ್ಪನಿಗೆ ಹೊಸದಲ್ಲ. ಆತ ಸ್ಟೂಲು ಎಳೆದುಕೊಂಡು ಕೂತ.

“ಹಂಗಾರ ಬಿಚ್ರಿ. ನೋಡೂಣು.”

ಮೋನಪ್ಪ ಬಿಚ್ಚಿದ. ಗುಂಡುಗಳನ್ನು ಒಂದೊಂದಾಗಿ ತಟ್ಟೆಗೆ ಹಾಕಿದ. ಆರು. ಅವನ ಕೈ ನಡುಗುತ್ತಿತ್ತು.

“ನಿನ್ನಿ ನಾನ ಬಿಚ್ಚಿದ್ದೆರಿ,” ಎಂದ. “ಒಳಗ ಬಂಗಾರ ಐತೇನೋ ಅಂತ...”

“ಬಂಗಾರ?”

ಮಾತು ಬಾಯಿಂದ ಬಿದ್ದ ಮೇಲೆ ಅದು ಹೇಗೆ ಕೇಳಿಸಿತೆಂದು ಮೋನಪ್ಪನಿಗೆ ತಿಳಿಯಿತು. ಅಪ್ಪನ ಕತೆ, ಕಳುವಿನ ಹೆದರಿಕೆ, ಏನು ಹೇಳಿದರೂ ಇನ್ನು ಕಳ್ಳನ ಮಾತೇ. ಅವನು ಮೊಣಕಾಲೂರಿ ಬೆಂಚಿನ ಕೆಳಗೆ ತಡಕಾಡಿದ, ಅಂಗಡಿ ಗುಡಿಸಿದ ಧೂಳನ್ನು ಕೂಡಿಟ್ಟ ಡಬ್ಬಿ ಸುರಿದು ಜರಡಿ ಹಿಡಿದ. ಏಳನೆಯ ಗುಂಡು ಸಿಗುವತನಕ ಸಂಜೀವಕುಮಾರ ಸ್ಟೂಲು ಬಿಟ್ಟು ಏಳಲಿಲ್ಲ, ಅವನ ಕೈಯಿಂದ ಕಣ್ಣನ್ನೂ ತೆಗೆಯಲಿಲ್ಲ.